ಸೋಮವಾರ ಒಂದೇ ರಜೆ: ಬೆಂಗಳೂರಲ್ಲಿ ಎಲ್ಲಿ ಸುತ್ತೋದು, ಎಲ್ಲಿ ಕೂರೋದು?

ಕಾಡುಗೋಡಿ ಕಡೆಯವಳು
ವಾರಕ್ಕೆ ಸೋಮವಾರ ಒಂದೇ ರಜೆ. ಮನೆ ಕಾಡುಗೋಡಿ ಮೆಟ್ರೋ ಹತ್ತಿರ, ಗಾಡಿ ಇಲ್ಲ. ಮಾಲ್, ರೆಸಾರ್ಟ್ ಎರಡೂ ಬೇಡ. ಬೆಳಗ್ಗೆ ಒಂದಷ್ಟು ನಡೆದು ಊರು ನೋಡಬೇಕು, ಆಮೇಲೆ ಯಾರೂ ಎಬ್ಬಿಸದ ಕಡೆ ಎರಡು ಗಂಟೆ ಸುಮ್ಮನೆ ಕೂತು ಬರಬೇಕು. ಹೋಗೋದು ಒಬ್ಬಳೇ. ಎಲ್ಲರೂ ಕೊಡೋ ಪಟ್ಟಿಗಳಲ್ಲಿ ಅರ್ಧಕ್ಕರ್ಧ ಜಾಗ ಸೋಮವಾರ ಬೀಗ ಹಾಕಿರುತ್ತೆ. ಊರು ಬಲ್ಲವರು ಹೇಳಿ: ಎಷ್ಟು ಹೊತ್ತಿಗೆ, ಯಾವ ಗೇಟಿಂದ, ತಿಂಡಿ ಎಲ್ಲಿ.

ಪೇಟೆಸುತ್ತು
ಸೋಮವಾರ ಬೀಗ ಹಾಕಿರೋದನ್ನ ಮೊದಲು ತೆಗೆದುಬಿಡೋಣ ಮೇಡಂ. ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿರೋ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಜೆ.ಪಿ. ನಗರದ ರಂಗಶಂಕರ, ನೆಹರೂ ತಾರಾಲಯ, ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಕೇಂದ್ರ ಗ್ರಂಥಾಲಯ, ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ಇವಿಷ್ಟೂ ಸೋಮವಾರ ಇಲ್ಲ. ರಜೆ ಬೇರೆ ದಿನಕ್ಕೆ ಬದಲಾದ್ರೆ ಇನ್ನೂ ಮೂರು ನೆನಪಿರಲಿ: ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ, ಬ್ರಾಹ್ಮಣರ ಕಾಫಿ ಬಾರ್‌ಗೆ ಭಾನುವಾರ, ಬನ್ನೇರುಘಟ್ಟ ಮೃಗಾಲಯಕ್ಕೆ ಮಂಗಳವಾರ.

ಇದರ ಬದಲಿಗೆ ಸೋಮವಾರ ಕೊಡೋದು ಬೇರೆ. ಮಾಮೂಲಿ ದಿನ ಮೆಟ್ರೋ ಬೆಳಗ್ಗೆ 5ಕ್ಕೆ ಶುರು, ಭಾನುವಾರ ಇನ್ನೂ ತಡ. ಸೋಮವಾರ ಮಾತ್ರ 2025ರ ಜನವರಿಯಿಂದ 4:15ಕ್ಕೇ ಮೊದಲ ರೈಲು. ಊರಿಂದ ವಾಪಸ್ ಬರೋರಿಗೋಸ್ಕರ ಮಾಡಿದ್ದು ಅದು, ಆದ್ರೆ ನಿಮ್ಮ ಕೆಲಸಕ್ಕೂ ಆಗುತ್ತೆ. ಕಾಡುಗೋಡಿಯಿಂದ ನೇರಳೆ ಮಾರ್ಗ, ಮೆಜೆಸ್ಟಿಕ್‌ನಲ್ಲಿ ಇಳಿದು ಹಸಿರು ಮಾರ್ಗಕ್ಕೆ, ಅಲ್ಲಿಂದ ಎರಡನೇ ಸ್ಟೇಷನ್ ಕೆ.ಆರ್. ಮಾರ್ಕೆಟ್. ಹೂವಿನ ವ್ಯಾಪಾರ ಜೋರಾಗಿರೋವಾಗಲೇ ನೀವು ಒಳಗಿರ್ತೀರಿ. ಹಿಂದಿನ ದಿನ ರಾತ್ರಿ ಮೆಟ್ರೋ ಆಪ್‌ನಲ್ಲಿ ಸಮಯ ಒಮ್ಮೆ ನೋಡಿಕೊಳ್ಳಿ.

ಮಾರ್ಕೆಟ್ ನೋಡೋ ಕ್ರಮ ಹೀಗೆ. ನೆಲಮಟ್ಟದ ಸಂದಿಗೆ ನೇರ ನುಗ್ಗಬೇಡಿ. 1928ರ ಹಳೇ ಕಟ್ಟಡದ ಮೆಟ್ಟಿಲು ಹತ್ತಿ ಮೇಲಿನ ಅಂತಸ್ತಿಂದ ಕೆಳಗೆ ನೋಡಿ. ಚೆಂಡುಹೂ, ಸೇವಂತಿಗೆ, ಸುಗಂಧರಾಜದ ರಾಶಿಗಳು ಬಣ್ಣಬಣ್ಣವಾಗಿ ಕಾಣೋದು ಅಲ್ಲಿಂದಲೇ, ಅಲ್ಲಿ ನಿಂತರೆ ಯಾರ ಕೆಲಸಕ್ಕೂ ಅಡ್ಡ ಆಗಲ್ಲ. ಹದಿನೈದು ನಿಮಿಷ ನೋಡಿ ಆಮೇಲೆ ಇಳೀರಿ. ಕೆಳಗೆ ನೆಲ ಸದಾ ಒದ್ದೆ, ಕಾಲಡಿ ಕೊಳೆತ ಹೂವು, ತೊಟ್ಟು. ನುಣುಪು ಚಪ್ಪಲಿ ಹಾಕಿದ್ರೆ ಜಾರೋದು ಖಂಡಿತ. ಬೆನ್ನಿಗೆ ದೊಡ್ಡ ಬ್ಯಾಗೂ ಬೇಡ. ತಲೆ ಮೇಲೆ ಮೂಟೆ ಹೊತ್ತವರು "ಸೈಡ್, ಸೈಡ್" ಅಂತ ಬರೋವಾಗ ಅವರಿಗೆ ನಿಲ್ಲೋಕಾಗಲ್ಲ, ಪಕ್ಕಕ್ಕೆ ಸರೀಬೇಕಾದವರು ನಾವು. ಬಿಡಿ ಹೂವು ಕೆ.ಜಿ. ಲೆಕ್ಕ, ಕಟ್ಟಿದ ಹೂವು ಮಾರು ಲೆಕ್ಕ. ವರಮಹಾಲಕ್ಷ್ಮಿ, ಆಯುಧಪೂಜೆ ಹಿಂದಿನ ಎರಡು ದಿನ ಬೆಲೆ ಏರಿರುತ್ತೆ, ಕಾಲಿಡೋಕೂ ಜಾಗ ಇರಲ್ಲ. ಆ ವಾರ ಬಿಟ್ಟುಬಿಡಿ.

ಹೊರಗೆ ಬಂದರೆ ಪಕ್ಕದಲ್ಲೇ ಕೋಟೆ ವೆಂಕಟರಮಣ ದೇವಸ್ಥಾನ, ಅದಕ್ಕೆ ಅಂಟಿಕೊಂಡ ಹಾಗೆ ಟಿಪ್ಪುವಿನ ಬೇಸಿಗೆ ಅರಮನೆ. ಹೈದರಾಲಿ ಶುರು ಮಾಡಿ ಟಿಪ್ಪು 1791ರಲ್ಲಿ ಮುಗಿಸಿದ ತೇಗದ ಕಟ್ಟಡ ಅದು. ಎಂಟೂವರೆಗೆ ತೆರೆಯುತ್ತೆ, ಮೊದಲ ಅರ್ಧ ಗಂಟೆಯಲ್ಲಿ ಆ ಕಂಬಗಳ ನಡುವೆ ಜನ ಕಮ್ಮಿ.

ಬಳೇಪೇಟೆ ತಿರುವು
ಮೇಲಿನದಕ್ಕೆ ಒಂದು ಸೇರ್ಪಡೆ. ಮಾರ್ಕೆಟ್ ಮುಗಿಸಿದ ತಕ್ಷಣ ಅವೆನ್ಯೂ ರಸ್ತೆಗೆ ಹೋಗಿ, ಅರಮನೆ ಆಮೇಲೆ ನೋಡಿ. ಅಂಗಡಿ ಬಾಗಿಲು ತೆಗೆಯೋದು ಹತ್ತರ ಮೇಲೆ. ಅದಕ್ಕೆ ಮುಂಚೆ ಮಾತ್ರ ಪೇಟೆಯ ಬೀದಿಗಳು ಎಷ್ಟು ಕಿರಿದು, ಮೇಲಂತಸ್ತಿನ ಹಳೇ ಜಗುಲಿ ಕಿಟಕಿ ಹೇಗಿವೆ ಅಂತ ತಲೆ ಎತ್ತಿ ನೋಡಬಹುದು. ಅವೆನ್ಯೂ ರಸ್ತೆಯ ಹಳೇ ಹೆಸರು ದೊಡ್ಡಪೇಟೆ. ಅದಕ್ಕೆ ಚಿಕ್ಕಪೇಟೆ ಅಡ್ಡ ಬರೋ ಚೌಕದಿಂದಲೇ 1537ರಲ್ಲಿ ಕೆಂಪೇಗೌಡರು ನಾಲ್ಕು ದಿಕ್ಕಿಗೆ ನೇಗಿಲು ಹೂಡಿಸಿ ಊರು ಗುರುತು ಮಾಡಿಸಿದ್ರು ಅನ್ನೋದು ಪ್ರತೀತಿ. ಅಲ್ಲಿಂದ ಪಶ್ಚಿಮಕ್ಕೆ ತಿರುಗಿದ್ರೆ ಬಳೇಪೇಟೆ, ಸಂಗೀತ ವಾದ್ಯದ ಅಂಗಡಿಗಳ ಸಾಲು. ಹತ್ತೂವರೆ ನಂತರ ಅದೇ ಬೀದಿಯಲ್ಲಿ ಕೈಗಾಡಿ, ಸ್ಕೂಟರ್, ಗೂಡ್ಸ್ ಆಟೋ ಎಲ್ಲ ಒಟ್ಟಿಗೆ ಬಂದು ನಡೆಯೋಕೇ ಆಗಲ್ಲ.

ಕಡಲೆಕಾಯಿ ಪರಿಷೆ
ತಿಂಡಿಗೆ ಮಾರ್ಕೆಟ್ ಸುತ್ತಮುತ್ತ ಹುಡುಕಬೇಡಿ. ಅಲ್ಲಿಂದ ಎರಡು ಕಿಲೋಮೀಟರ್ ಒಳಗೇ ಶಂಕರಪುರದ ಬ್ರಾಹ್ಮಣರ ಕಾಫಿ ಬಾರ್. ನಡೆಯೋಕಾಗದಿದ್ರೆ ಮೆಟ್ರೋದಲ್ಲಿ ಒಂದೇ ಸ್ಟಾಪ್, ನ್ಯಾಷನಲ್ ಕಾಲೇಜ್. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ. ಅಷ್ಟೇ. ಸಾಂಬಾರ್ ಕೇಳಬೇಡಿ, ಇಟ್ಟಿಲ್ಲ. ಚಟ್ನಿ ಮಾತ್ರ, ಮತ್ತೆ ಮತ್ತೆ ಹಾಕ್ತಾರೆ. ಮೇಜು ಕುರ್ಚಿ ಇಲ್ಲ, ರಸ್ತೆ ಬದಿ ನಿಂತೇ ತಿನ್ನಬೇಕು. ಭಾನುವಾರ ರಜೆ ಇರೋ ಹೋಟ್ಲು ನಿಮಗೆ ಸೋಮವಾರ ಸಿಗೋದು ಒಳ್ಳೇದೇ ಆಯ್ತು.

ಆಮೇಲೆ ಗವಿಪುರಕ್ಕೆ ನಡೀರಿ. ಗವಿ ಗಂಗಾಧರೇಶ್ವರದ ಅಂಗಳದಲ್ಲಿ ಒಂದೊಂದೇ ಕಲ್ಲಲ್ಲಿ ಕಡೆದ ಸೂರ್ಯಪಾನ, ಚಂದ್ರಪಾನ, ತ್ರಿಶೂಲ, ಡಮರು ಇವೆ. ಸಂಕ್ರಾಂತಿ ಸಂಜೆ ಸೂರ್ಯನ ಬೆಳಕು ಗುಹೆಯೊಳಗಿನ ಲಿಂಗಕ್ಕೆ ತಾಗೋದು ಇಲ್ಲೇ. ಆವತ್ತು ನೂಕುನುಗ್ಗಲು, ಬೇರೆ ದಿನ ತಣ್ಣಗೆ ನೋಡಿ. ಗುಹೆಯ ಒಳಗಿನ ಪ್ರದಕ್ಷಿಣೆ ಹಾದಿಯಲ್ಲಿ ಸೂರು ತಗ್ಗು, ತಲೆ ಬಗ್ಗಿಸದಿದ್ರೆ ಪೆಟ್ಟು ಗ್ಯಾರಂಟಿ. ಅಲ್ಲಿಂದ ಮೇಲೆ ಬಂದರೆ ದೊಡ್ಡ ಬಸವಣ್ಣ, ಪಕ್ಕದಲ್ಲೇ ಕಹಳೆ ಬಂಡೆ. ಕಹಳೆ ಬಂಡೆಯ ಮರಗಳ ಕೆಳಗೆ ಬೆಳಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ಕೂರೋಕೆ ಒಳ್ಳೇ ಹೊತ್ತು: ವಾಕಿಂಗ್‌ನವರು ಹೋಗಿರ್ತಾರೆ, ಕಾಲೇಜು ಹುಡುಗರು ಇನ್ನೂ ಬಂದಿರಲ್ಲ.

ಒಂದು ಸೋಮವಾರ ಮಾತ್ರ ಲೆಕ್ಕದಿಂದ ತೆಗೀರಿ. ಕಾರ್ತಿಕ ಮಾಸದ ಕೊನೇ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಆವತ್ತು ಕೂರೋಕೆ ಅಂತ ಬರಬೇಡಿ, ಪರಿಷೆಗೆ ಅಂತ ಬನ್ನಿ. ಬೆಳಗ್ಗೆ ಬೇಗ ಬಂದರೆ ಬುಲ್ ಟೆಂಪಲ್ ರಸ್ತೆಯಲ್ಲಿ ನಡೆದು ನೋಡಬಹುದು, ಸಂಜೆ ಬಂದರೆ ಜನ ನೂಕಿದ ಕಡೆ ಹೋಗ್ತೀರಿ. ಕಾಯಿ ಅಳೆಯೋದು ಸೇರಲ್ಲಿ. ಹಸಿ, ಹುರಿದದ್ದು, ಬೇಯಿಸಿದ್ದು ಮೂರೂ ಇರುತ್ತೆ. ಹಸೀದು ಕೊಂಡ್ರೆ ಮನೆಗೆ ಹೋದ ತಕ್ಷಣ ಪ್ಲಾಸ್ಟಿಕ್ ಚೀಲದಿಂದ ತೆಗೆದು ಹರವಿ, ಇಲ್ಲದಿದ್ರೆ ಬೂಷ್ಟು ಹಿಡಿಯುತ್ತೆ.

ಕಲ್ಲುಹೂವು
ಲಾಲ್‌ಬಾಗ್ ಬಗ್ಗೆ ಇನ್ನೂ ಯಾರೂ ಹೇಳಿಲ್ಲ. 240 ಎಕರೆ ತೋಟ, ಎಲ್ಲಾ ದಿನ ಬೆಳಗ್ಗೆ 6ಕ್ಕೆ ಬಾಗಿಲು. ಅಲ್ಲಿಗೆ ಹೋಗಿ ಬೇಜಾರಾಯ್ತು ಅನ್ನೋರು ಹೋಗೋದು ಹೆಚ್ಚಾಗಿ ಭಾನುವಾರ ಹನ್ನೊಂದು ಗಂಟೆಗೆ, ಮುಖ್ಯ ಗೇಟಿಂದ, ಗಾಜಿನ ಮನೆ ನೋಡಿ ವಾಪಸ್. ಜನ, ಬಿಸಿಲು, ಐಸ್‌ಕ್ರೀಮ್ ಬಿಟ್ಟು ಇನ್ನೇನೂ ಸಿಗಲ್ಲ ಆವಾಗ.

ಮಾಡಬೇಕಾದ್ದು ಹೀಗೆ. ಲಾಲ್‌ಬಾಗ್ ಮೆಟ್ರೋ ಸ್ಟೇಷನ್‌ನಲ್ಲಿ ಇಳಿದು ಪಶ್ಚಿಮ ಗೇಟಿಂದ ಆರೂವರೆಯೊಳಗೆ ಒಳಗೆ ಬನ್ನಿ. ಬೆಳಗಿನ ವಾಕಿಂಗ್ ಹೊತ್ತಲ್ಲಿ ಟಿಕೆಟ್ ಇಲ್ಲ, ಒಂಬತ್ತರ ಮೇಲೆ ಟಿಕೆಟ್. ಮೊದಲು ಕೆರೆ ಏರಿ. ಬಿಸಿಲು ಓರೆಯಾಗಿರೋವಾಗ ನೀರುಕಾಗೆಗಳು ರೆಕ್ಕೆ ಹರವಿ ಕೂತಿರ್ತವೆ, ಹೆಜ್ಜಾರ್ಲೆಗಳು ಮೀನು ಹಿಡೀತಿರ್ತವೆ. ಅಲ್ಲಿಂದ ಕೆಂಪೇಗೌಡ ಗೋಪುರದ ಬಂಡೆಗೆ ಎಂಟರೊಳಗೆ ಹತ್ತಿ. ಆ ಬಂಡೆ ಸುಮಾರು 300 ಕೋಟಿ ವರ್ಷ ಹಳೇದು, ಭೂವಿಜ್ಞಾನಿಗಳು ಪರ್ಯಾಯ ದ್ವೀಪದ ನೈಸ್ ಅಂತ ಕರೆಯೋ ಶಿಲೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಹಿಮಾಲಯ ಅದರ ಮುಂದೆ ನಿನ್ನೆ ಮೊನ್ನೆಯದು. ಬಂಡೆ ಮೇಲೆ ಬಗ್ಗಿ ನೋಡಿ, ಬಿಳಿ ಕಪ್ಪು ಪಟ್ಟೆಗಳು ಅಲೆ ಅಲೆಯಾಗಿ ಮಡಚಿಕೊಂಡಿವೆ. ನೆಲದಾಳದ ಶಾಖ, ಒತ್ತಡಕ್ಕೆ ಕಲ್ಲು ಮೆತ್ತಗಾಗಿ ಬಳುಕಿದ ಗುರುತು ಅದು. ಹತ್ತರ ಮೇಲೆ ಬಂಡೆ ಕಾಯುತ್ತೆ, ನೆರಳು ಒಂಚೂರೂ ಇಲ್ಲ. ಮಳೆ ಬಿದ್ದಾಗ ಪಾಚಿ ಕಟ್ಟಿದ ಕಡೆ ಜಾರುತ್ತೆ, ಇಳಿಯೋವಾಗ ಇನ್ನೂ ಹುಷಾರು.

ಎಂಟೂವರೆ ಮೇಲೆ ಕೂರೋ ಜಾಗ ಹುಡುಕಿ. ಗಾಜಿನ ಮನೆ ಸುತ್ತ ಗಲಾಟೆ. 1889ರಲ್ಲಿ ಅಡಿಗಲ್ಲು ಹಾಕಿದ ಕಟ್ಟಡ, ನೋಡಲೇಬೇಕು, ಆದ್ರೆ ಕೂರೋಕಲ್ಲ. ಕೆರೆ ಕಡೆಗೆ ಇಳಿಯೋ ದಾರಿಗಳ ಹಳೇ ಮರಗಳ ಕೆಳಗಿನ ಕಲ್ಲು ಬೆಂಚು ಹಿಡೀರಿ. ಕಾವಲಿನವರ ಕಣ್ಣಿಗೆ ಕಾಣೋ ದಾರಿ, ವಾಕಿಂಗ್‌ನವರು ಆಗಾಗ ಹಾದುಹೋಗ್ತಿರ್ತಾರೆ, ಒಬ್ಬರೇ ಕೂರೋಕೆ ಅಳುಕಿಲ್ಲ. ಪ್ಲಾಸ್ಟಿಕ್‌ಗೆ ನಿಷೇಧ ಇದೆ, ನೀರಿಗೆ ಸ್ಟೀಲ್ ಬಾಟಲಿ ತನ್ನಿ.

ಜನವರಿ 26 ಮತ್ತು ಆಗಸ್ಟ್ 15ರ ಆಸುಪಾಸಿನ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಇದೆಲ್ಲ ನಡೆಯಲ್ಲ. ಆವಾಗ ಹೂ ನೋಡೋಕೆ ಹೋಗಿ, ಅದೂ ಬಾಗಿಲು ತೆರೆದ ಕೂಡಲೇ.

ಸಂಪಿಗೆ ರಸ್ತೆ
ಮಲ್ಲೇಶ್ವರ ಬಿಟ್ಟರೆ ಹೇಗೆ? ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ ಸ್ಟೇಷನ್‌ನಿಂದ ಸಂಪಿಗೆ ರಸ್ತೆ ಹಿಡಿದು 8ನೇ ಕ್ರಾಸ್‌ವರೆಗೆ ಹೂವು, ಹಣ್ಣು, ಬಾಳೆಲೆ ನೋಡಿಕೊಂಡು ಬನ್ನಿ. ದೋಸೆಗೆ ಮಾರ್ಗೋಸಾ ರಸ್ತೆ 7ನೇ ಕ್ರಾಸಿನ ಸಿ.ಟಿ.ಆರ್., ಇಡ್ಲಿಗೆ ಅದೇ ರಸ್ತೆ 15ನೇ ಕ್ರಾಸಿನ ವೀಣಾ ಸ್ಟೋರ್ಸ್. ಎರಡನ್ನೂ ಒಂದೇ ಬೆಳಗ್ಗೆ ತಿನ್ನೋ ಯೋಚನೆ ಬೇಡ, ಬೆಣ್ಣೆ ಮಸಾಲೆ ತಿಂದ ಮೇಲೆ ಇಡ್ಲಿ ರುಚಿ ಗೊತ್ತಾಗಲ್ಲ.

ಕಾಡು ಮಲ್ಲೇಶ್ವರ ಶಿವನ ಗುಡಿ, ಸೋಮವಾರ ಜನ ಇರ್ತಾರೆ. ಎದುರಿಗಿರೋ ನಂದಿ ತೀರ್ಥ ನೋಡಿ. ಮಣ್ಣಲ್ಲಿ ಹೂತುಹೋಗಿ 1990ರ ದಶಕದಲ್ಲಿ ಅಗೆದಾಗ ಸಿಕ್ಕಿದ ಕಲ್ಯಾಣಿ. ನಂದಿ ಬಾಯಿಂದ ನೀರು ಸದಾ ಲಿಂಗದ ಮೇಲೆ ಬೀಳ್ತಾ ಕಲ್ಯಾಣಿಗೆ ಇಳಿಯುತ್ತೆ. ರಸ್ತೆಮಟ್ಟಕ್ಕಿಂತ ಕೆಳಗಿರೋದರಿಂದ ಹೊರಗಿನ ಸದ್ದು ಅರ್ಧಕ್ಕೆ ಇಳಿದು ನೀರಿನ ಸದ್ದೇ ಕೇಳುತ್ತೆ. ಇಡೀ ಮಲ್ಲೇಶ್ವರದಲ್ಲಿ ಮನಸ್ಸು ತಣಿಯೋದಕ್ಕೆ ಇದಕ್ಕಿಂತ ಒಳ್ಳೇ ಮೆಟ್ಟಿಲಿಲ್ಲ. ಮಧ್ಯಾಹ್ನ ಮುಚ್ಚಿರುತ್ತೆ, ಹನ್ನೊಂದರೊಳಗೆ ಹೋಗಿ.

ಸಂಜೆಗೆ ಸ್ಯಾಂಕಿ ಕೆರೆ. 1882ರಲ್ಲಿ ರಿಚರ್ಡ್ ಸ್ಯಾಂಕಿ ಕಟ್ಟಿಸಿದ್ದು. ಒಂದು ಸುತ್ತಿಗೆ ಇಪ್ಪತ್ತು ಇಪ್ಪತ್ತೈದು ನಿಮಿಷ ಸಾಕು. ಸ್ಯಾಂಕಿ ರಸ್ತೆ ಬದಿಯ ಏರಿಯಲ್ಲಿ ಹಾರ್ನ್ ಸದ್ದು ತಪ್ಪಲ್ಲ, ಎದುರು ದಡದ ಮರಗಳ ಕಡೆ ಕೂತ್ಕೊಳ್ಳಿ.

ಕೆರೆದಂಡೆ
ಸ್ಯಾಂಕಿ ಚೆಂದ, ಆದರೆ ಅದು ಉದ್ಯಾನ. ಜೀವಂತ ಕೆರೆ ನೋಡಬೇಕು ಅಂದ್ರೆ ಜಕ್ಕೂರು. ಸುಮಾರು 160 ಎಕರೆ. ಅಲ್ಲಿನ ವ್ಯವಸ್ಥೆಯನ್ನ ಅರ್ಥ ಮಾಡಿಕೊಂಡು ನೋಡಿದ್ರೆ ಇನ್ನೂ ಚೆಂದ. ಮೇಲ್ಭಾಗದಲ್ಲಿ ಕೊಳಚೆ ನೀರು ಶುದ್ಧೀಕರಣ ಘಟಕ ಇದೆ. ಅಲ್ಲಿಂದ ಬಿಟ್ಟ ನೀರು ನೇರವಾಗಿ ಕೆರೆಗೆ ಸೇರಲ್ಲ, ಜೊಂಡು ಬೆಳೆದ ಜೌಗು ಹಾದು ಬರುತ್ತೆ. ನೀರಲ್ಲಿ ಉಳಿದ ಸಾರಜನಕ, ರಂಜಕವನ್ನ ಜೊಂಡು ಹೀರಿಕೊಳ್ಳುತ್ತೆ. ಜೊಂಡನ್ನ ಆಗಾಗ ಕೊಯ್ದು ಹೊರಗೆ ಸಾಗಿಸದಿದ್ರೆ ಅದು ಅಲ್ಲೇ ಕೊಳೆತು, ಹೀರಿದ್ದನ್ನೆಲ್ಲ ನೀರಿಗೇ ವಾಪಸ್ ಬಿಡುತ್ತೆ. ಅಂತ ಕಡೆಯೇ ಅಂತರಗಂಗೆ ಕಳೆ ಹಬ್ಬೋದು, ನಾತ ಬರೋದು. ಬೆಳ್ಳಂದೂರಲ್ಲಿ ನೊರೆ ಏಳ್ತಿದ್ದದ್ದೂ ಸೋಪಿನ ಅಂಶ ಕಳೆಯದ ಕೊಳಚೆ ನೀರಿಂದಲೇ.

ನೋಡೋ ಹೊತ್ತು: ನವೆಂಬರ್‌ನಿಂದ ಫೆಬ್ರವರಿ, ಬೆಳಗ್ಗೆ ಆರೂವರೆಯಿಂದ ಎಂಟೂವರೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ಜೌಗಿನ ಅಂಚಲ್ಲಿ ನೇರಳೆ ಜಂಬುಕೋಳಿ. ಸೂರ್ಯ ಬೆನ್ನಿಗಿರೋ ಹಾಗೆ ನಿಂತ್ರೆ ಮಾತ್ರ ಬಣ್ಣ ಕಾಣುತ್ತೆ, ಎದುರಿಗಿದ್ರೆ ಎಲ್ಲವೂ ಕಪ್ಪು ಆಕಾರ. ಬೆಳಗ್ಗೆ ಪೂರ್ವದ ದಡ ಹಿಡೀರಿ. ಅಲ್ಲಿಗೆ ಮೆಟ್ರೋ ಇಲ್ಲ. ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಯ ಯಲಹಂಕ ಬಸ್, ಜಕ್ಕೂರಲ್ಲಿ ಇಳಿದು ಆಟೋ. ಕರ್ನಾಟಕದ ವಿಳಾಸ ಇರೋ ಗುರುತಿನ ಚೀಟಿ ಇದ್ದರೆ ಹೆಂಗಸರಿಗೆ ಬಿ.ಎಂ.ಟಿ.ಸಿ. ಸಾಮಾನ್ಯ ಬಸ್ಸಲ್ಲಿ ಶಕ್ತಿ ಯೋಜನೆ ಟಿಕೆಟ್. ಎ.ಸಿ. ವಜ್ರದಲ್ಲಿ ನಡೆಯಲ್ಲ.

ಕಾಡುಗೋಡಿಯಿಂದ ಜಕ್ಕೂರು ದೂರ ಅನ್ನಿಸಿದ್ರೆ ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಗೆ ಹೋಗಿ. ಅಕ್ಕಪಕ್ಕದ ನಿವಾಸಿಗಳೇ ಬೆನ್ನು ಹತ್ತಿ ಉಳಿಸಿಕೊಂಡ ಕೆರೆ ಅದು. ಕೆರೆಗಳ ಗೇಟು ಸಾಮಾನ್ಯವಾಗಿ ಬೆಳಗ್ಗೆ, ಸಂಜೆ ತೆರೆದು ನಡುಹಗಲಲ್ಲಿ ಮುಚ್ಚಿರ್ತಾರೆ. ಹನ್ನೆರಡಕ್ಕೆ ಹೋಗಿ ಗೇಟಿನ ಮುಂದೆ ನಿಲ್ಲಬೇಡಿ.

ಕಾಡುಗೋಡಿ ಕಡೆಯವಳು
ತುಂಬಾ ಉಪಕಾರ ಆಯ್ತು. ತುರಹಳ್ಳಿ ಕಾಡು ಹೇಗೆ? ನಂದಿ ಬೆಟ್ಟ?

ಕಲ್ಲುಹೂವು
ತುರಹಳ್ಳಿಗೆ ಒಬ್ಬರೇ ಬೇಡಮ್ಮ. ಜಾಗ ಕೆಟ್ಟದ್ದು ಅಂತಲ್ಲ. ಕನಕಪುರ ರಸ್ತೆ ಬದಿಯಲ್ಲಿ ಉಳಿದಿರೋ ಕುರುಚಲು ಕಾಡು, ನಡುವೆ ದಾರಿಗಳು ಕವಲೊಡೆದು ಗುರುತು ತಪ್ಪುತ್ತೆ, ವಾರದ ನಡುವೆ ಜನಸಂಚಾರ ಇಲ್ಲ. ಆ ಕಡೆ ಚಿರತೆ ಓಡಾಟವೂ ಇದೆ. ನಾಲ್ಕು ಜನ ಸೇರಿ, ಬಿಸಿಲು ಬಂದ ಮೇಲೆ ಹೋಗಿ, ಕತ್ತಲಾಗೋ ಮುಂಚೆ ಹೊರಗಿರಿ.

ನಂದಿಹಾದಿ
1,478 ಮೀಟರ್ ಎತ್ತರದ ಬೆಟ್ಟ, ಭಾನುವಾರ ಕಾರಿನ ಸಾಲಲ್ಲೇ ಸೂರ್ಯೋದಯ ಮುಗಿದುಹೋಗುತ್ತೆ. ಸೋಮವಾರ ಆ ಕಷ್ಟ ಇಲ್ಲ. ಆದ್ರೂ ಬಸ್ಸಲ್ಲಿ ಬರೋರಿಗೆ ಸೂರ್ಯೋದಯ ಸಿಗಲ್ಲ, ಅದರ ಆಸೆ ಬಿಡಿ. ಬೆಟ್ಟದ ಬುಡದ ನಂದಿ ಗ್ರಾಮದಲ್ಲಿ ಭೋಗನಂದೀಶ್ವರ ದೇವಸ್ಥಾನಕ್ಕೆ ಹೋಗಿ. 9ನೇ ಶತಮಾನದಷ್ಟು ಹಿಂದಿನ ಗುಡಿ, ಆಮೇಲೆ ಚೋಳರು, ಹೊಯ್ಸಳರು, ವಿಜಯನಗರದವರು ಸೇರಿಸುತ್ತಾ ಬಂದಿದ್ದು. ಕಲ್ಯಾಣಮಂಟಪದ ಕಂಬಗಳ ಕೆತ್ತನೆ ಒಂದು ಗಂಟೆ ನೋಡಬಹುದು. ಆಮೇಲೆ ಒಳಗಿನ ಕಲ್ಯಾಣಿ ಸುತ್ತಲಿನ ಸಾಲುಮಂಟಪದಲ್ಲಿ ಕೂತರೆ ನಡುಮಧ್ಯಾಹ್ನವೂ ತಂಪು. ಮೆಜೆಸ್ಟಿಕ್‌ನಿಂದ ಚಿಕ್ಕಬಳ್ಳಾಪುರದ ಬಸ್ ಹಿಡಿದು, ನಂದಿ ಕ್ರಾಸ್ ಕೇಳಿ ಇಳಿದು ಆಟೋ ಮಾಡಿ. ಬಿಸಿಲಲ್ಲಿ ಬರಿಗಾಲಿಗೆ ಅಂಗಳದ ಕಲ್ಲು ಸುಡುತ್ತೆ, ಸಾಕ್ಸ್ ಇಟ್ಟುಕೊಳ್ಳಿ.

ಶಾಸನಪ್ರಿಯ
ಯಾರೂ ಹೇಳದ ಒಂದು ಜಾಗ ಬೇಗೂರು. ಅಲ್ಲಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ಹಳಗನ್ನಡ ಶಾಸನ ಇದೆ. ಅದರಲ್ಲಿ 'ಬೆಂಗಳೂರ ಕಾಳಗ' ಅನ್ನೋ ಮಾತು ಬರುತ್ತೆ. ರಾಜ ವೀರಬಲ್ಲಾಳನಿಗೆ ಬೆಂದ ಕಾಳು ಕೊಟ್ಟಿದ್ದರಿಂದ ಊರಿಗೆ ಬೆಂದಕಾಳೂರು ಅಂತ ಹೆಸರು ಬಂತು ಅನ್ನೋ ಕಥೆ ಇನ್ನೂ ಹೇಳ್ತಿರೋರು ಈ ಕಲ್ಲನ್ನ ಒಮ್ಮೆ ನೋಡಲೇಬೇಕು. ವೀರಬಲ್ಲಾಳನಿಗಿಂತ ಮುನ್ನೂರು ವರ್ಷ ಮೊದಲೇ ಊರಿನ ಹೆಸರು ಇದ್ದೇ ಇತ್ತು. ಬೆಳಗಿನ ಓರೆ ಬಿಸಿಲಲ್ಲಿ ಅಕ್ಷರ ಎದ್ದು ಕಾಣುತ್ತೆ, ನೆತ್ತಿ ಮೇಲೆ ಬಿಸಿಲಿದ್ರೆ ಏನೂ ಓದೋಕಾಗಲ್ಲ. ಮೊಬೈಲ್ ಟಾರ್ಚನ್ನ ಕಲ್ಲಿನ ಪಕ್ಕದಿಂದ, ಮೇಲ್ಮೈಗೆ ಸವರೋ ಹಾಗೆ ಹಿಡಿದ್ರೂ ಆಗುತ್ತೆ. ಓದೋ ಆಸೆಗೆ ಸೀಮೆಸುಣ್ಣ, ಅರಿಶಿನ, ಎಣ್ಣೆ ಹಚ್ಚಬೇಡಿ, ಕಲ್ಲು ಹಾಳಾಗುತ್ತೆ. ಹಳದಿ ಮಾರ್ಗದಲ್ಲಿ ಬೊಮ್ಮನಹಳ್ಳಿಗೆ ಇಳಿದು ಆಟೋ. ಗುಡಿ ನೋಡಿದ ಮೇಲೆ ಬೇಗೂರು ಕೆರೆ ಹತ್ತಿರದಲ್ಲೇ.

ಹೂಬಿಡೋ ಮರ
ಯಾವ ತಿಂಗಳು ಅನ್ನೋದೂ ಮುಖ್ಯ. ಫೆಬ್ರವರಿ ಅಂದ್ರೆ ಗುಲಾಬಿ ಟಬೂಬಿಯಾ, ಅದಕ್ಕೆ ನೀವು ಊರು ದಾಟಿ ಬರೋದೇ ಬೇಡ. ಕುಂದಲಹಳ್ಳಿ ಪಕ್ಕದ ಎ.ಇ.ಸಿ.ಎಸ್. ಬಡಾವಣೆಯಲ್ಲಿ ಸಾಲುಸಾಲು ಇವೆ. ಪೂರ್ತಿ ಅರಳಿದ ಮೇಲೆ ಒಂದು ವಾರ, ಹತ್ತು ದಿನ. ಒಂದು ಮಳೆ ಬಂದ್ರೆ ಎಲ್ಲ ನೆಲಕ್ಕೆ. ಮಾರ್ಚಲ್ಲಿ ಕಬ್ಬನ್ ಪಾರ್ಕಿನ ಜಕರಂಡಾ. ಮಾರ್ಚ್ ಕೊನೆಗೆ ಹೊಂಗೆ ಚಿಗುರು, ಹೊಂಗೆ ನೆರಳಿನಷ್ಟು ತಂಪು ಬೇರೆ ಯಾವ ಮರದ್ದೂ ಅಲ್ಲ. ಏಪ್ರಿಲ್, ಮೇಗೆ ಗುಲ್‌ಮೊಹರ್. ಅಕ್ಟೋಬರ್‌ನಿಂದ ಆಕಾಶಮಲ್ಲಿಗೆ: ಬೆಳಗ್ಗೆ ಬೇಗ ಹೋದ್ರೆ ನೆಲದ ಮೇಲೆ ಉದ್ದ ತೊಟ್ಟಿನ ಬಿಳಿ ಹೂವು, ಗಮ್ಮನೆ ವಾಸನೆ. ಒಂದರ ನಂತರ ಒಂದು ಮರ ಹೂ ಬಿಡೋ ಹಾಗೆ ನೆಡಿಸೋ ಯೋಚನೆ 1908ರಲ್ಲಿ ಇಲ್ಲಿಗೆ ಬಂದ ಜರ್ಮನ್ ತೋಟಗಾರ ಕ್ರುಂಬಿಗಲ್ ಅವರದ್ದು.

ಒಂದು ಎಚ್ಚರಿಕೆ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಗಾಳಿ ಎದ್ದರೆ ಗುಲ್‌ಮೊಹರ್, ಮಳೆಮರದ ಕೆಳಗೆ ನಿಲ್ಲಬೇಡಿ. ಕಟ್ಟಿಗೆ ಮೆದು, ಕೊಂಬೆ ಬೇಗ ಮುರಿಯುತ್ತೆ, ಬೇರಿನ ಸುತ್ತ ಕಾಂಕ್ರೀಟ್ ಹಾಕಿದ ಕಡೆ ಬುಡಸಮೇತ ಉರುಳುತ್ತೆ. ಮೂರು ಗಂಟೆಗೆ ಮೆಟ್ರೋ ಹತ್ತಿಬಿಡಿ.

ಕಾಡುಗೋಡಿ ಕಡೆಯವಳು
ಕಬ್ಬನ್ ಪಾರ್ಕ್ ನಮಗೆ ಒಂದೇ ರೈಲು. ಪುಸ್ತಕ ಹಿಡಿದು ಅಲ್ಲೇ ಕೂರಬಹುದಾ?

ಪೇಟೆಸುತ್ತು
ಧಾರಾಳವಾಗಿ. ಮೌನವಾಗಿ ಓದೋರು ಗುಂಪಾಗಿ ಸೇರೋದು ಶನಿವಾರ ಬೆಳಗ್ಗೆ, ಸೋಮವಾರ ನಿಮ್ಮ ಪಾಡಿಗೆ ನೀವು. ಭಾನುವಾರದ ಹಾಗೆ ವಾಹನ ಬಂದ್ ಇರಲ್ಲ, ಪಾರ್ಕಿನ ನಡುವಿನ ರಸ್ತೆಗಳಲ್ಲಿ ಒಂಬತ್ತರಿಂದ ಆಫೀಸಿನ ಗಾಡಿಗಳು ಓಡಾಡ್ತವೆ. ರಸ್ತೆಯಿಂದ ಒಳಗೆ, ಬಿದಿರುಮೆಳೆಗಳ ಕಡೆ ಹೋದ್ರೆ ಸದ್ದು ಕಮ್ಮಿ. ಬಿದಿರಿನ ಕೆಳಗೆ ಸೊಳ್ಳೆ ಜಾಸ್ತಿ, ಕಾಲು ಮುಚ್ಚೋ ಬಟ್ಟೆ ಇರಲಿ. ಬೀದಿನಾಯಿಗಳೂ ಇವೆ, ಬಿಸ್ಕತ್ ಪೊಟ್ಟಣ ಬಿಚ್ಚಿದ್ರೆ ಹೋಗಲ್ಲ. ಹನ್ನೊಂದಕ್ಕೆ ಎದ್ದು ಮುಂದಿನ ಸ್ಟೇಷನ್ ಎಂ.ಜಿ. ರಸ್ತೆಗೆ ಬಂದರೆ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಗಳು. ಬ್ಲಾಸಮ್, ಬುಕ್‌ವರ್ಮ್ ಎರಡರಲ್ಲೂ ಎಷ್ಟು ಹೊತ್ತು ನಿಂತು ತಿರುವಿ ಹಾಕಿದ್ರೂ ಯಾರೂ ಏನೂ ಅನ್ನಲ್ಲ.

ಕಾಡುಗೋಡಿ ಕಡೆಯವಳು
ಹಾಗಾದ್ರೆ ಬರೋ ಸೋಮವಾರ ಮಾರ್ಕೆಟ್, ಕಾಫಿ ಬಾರ್, ಗವಿಪುರ, ಕಹಳೆ ಬಂಡೆ, ಅಲ್ಲಿಂದ ಲಾಲ್‌ಬಾಗ್?

ಕಲ್ಲುಹೂವು
ಲಾಲ್‌ಬಾಗ್ ಅದರ ಮುಂದಿನ ಸೋಮವಾರಕ್ಕೆ ಇಡಮ್ಮ. ಕಹಳೆ ಬಂಡೆಯಿಂದ ಹೊರಡೋ ಹೊತ್ತಿಗೆ ಹನ್ನೊಂದಾಗಿರುತ್ತೆ, ಲಾಲ್‌ಬಾಗಿನ ಬಂಡೆ ಕಾದಿರುತ್ತೆ, ಕಾಲೂ ಸೋತಿರುತ್ತೆ. ಹಸಿವಾಗಿದ್ರೆ ಗಾಂಧಿ ಬಜಾರಿಗೆ ಇಳಿದು ವಿದ್ಯಾರ್ಥಿ ಭವನದಲ್ಲಿ ಒಂದು ಮಸಾಲೆ. ಬೆಳಗಿನ ಸರದಿ ಮಧ್ಯಾಹ್ನಕ್ಕೆ ಮುಂಚೆಯೇ ನಿಲ್ಲಿಸ್ತಾರೆ, ಆದ್ದರಿಂದ ತಿನ್ನೋ ಯೋಚನೆ ಇದ್ರೆ ಕಹಳೆ ಬಂಡೆಯಿಂದ ಹತ್ತೂವರೆಗೇ ಎದ್ದು ಹನ್ನೊಂದರೊಳಗೆ ಹೆಸರು ಬರೆಸಿ. ಆಮೇಲೆ ನ್ಯಾಷನಲ್ ಕಾಲೇಜ್ ಸ್ಟೇಷನ್‌ಗೆ ನಡೆದು ರೈಲು ಹಿಡಿದ್ರೆ ಎರಡರೊಳಗೆ ಮನೆ ಸೇರಿರ್ತೀರಿ.